ನಿಧಾನದ ಮೀನಿಗೆ ಬರೆದ ಎರಡು ಸಾಲು

ಇಷ್ಟು ವರ್ಷ ನಾನು ಹೊಟ್ಟೆ ಹೊರೆದದ್ದು ಮಾತು ಕತ್ತರಿಸಿ. ಇಂಗ್ಲಿಷಿನ ಸಾಕ್ಷ್ಯಚಿತ್ರಗಳಿಗೆ ಕನ್ನಡದಲ್ಲಿ ನಿರೂಪಣೆ ಬರೆಯುವುದು ನನ್ನ ಕೆಲಸ. ಹುಲಿ, ಹಾವು, ಜ್ವಾಲಾಮುಖಿ, ಯಾರದೋ ಸಾವಿರಾರು ವರ್ಷ ಹಳೆಯ ಗೋರಿ, ಯಾವುದನ್ನೂ ಬಿಟ್ಟಿಲ್ಲ. ಅಮೀರ್‌ಪೇಟ್‌ನ ಒಂದು ಗಲ್ಲಿಯಲ್ಲಿ ಕೆಳಗೆ ಕೋಚಿಂಗ್ ಸೆಂಟರು, ಮೇಲೆ ಹುಡುಗಿಯರ ಹಾಸ್ಟೆಲ್ಲು, ನಡುವಿನ ಮಹಡಿಯಲ್ಲಿ ನಮ್ಮ ಸ್ಟುಡಿಯೋ. ತೆಲುಗು, ತಮಿಳು, ಕನ್ನಡ ಮೂರೂ ಅಲ್ಲೇ ತಯಾರಾಗುತ್ತವೆ. ಹೈದರಾಬಾದಿನಲ್ಲಿ ಕೂತು ಕನ್ನಡ ಬರೆಯುತ್ತೇನೆ ಎಂದರೆ ಬೆಂಗಳೂರಿನವರು ನಗುತ್ತಾರೆ. ನಗಲಿ, ಅವರು ಟಿವಿಯಲ್ಲಿ ಕೇಳುವುದು ನನ್ನ ಸಾಲುಗಳನ್ನೇ.

ಈ ಕೆಲಸಕ್ಕೆ ಇರುವುದು ಒಂದೇ ನಿಯಮ. ಸಾಲು ಕೂರಬೇಕು. ಇಂಗ್ಲಿಷಿನವನು ಐದು ಸೆಕೆಂಡಿನಲ್ಲಿ ಹೇಳಿದ್ದನ್ನು ನಾವೂ ಐದೇ ಸೆಕೆಂಡಿನಲ್ಲಿ ಹೇಳಿ ಬಾಯಿ ಮುಚ್ಚಬೇಕು. ಕನ್ನಡ ಅಷ್ಟು ಸುಲಭಕ್ಕೆ ಬಾಯಿ ಮುಚ್ಚುವ ಭಾಷೆಯಲ್ಲ. ಹಾಗಾಗಿ ಬರೆಯಬೇಕು, ಗಟ್ಟಿಯಾಗಿ ಓದಿ ಸೆಕೆಂಡು ನೋಡಬೇಕು, ಕತ್ತರಿಸಬೇಕು, ಮತ್ತೆ ಓದಬೇಕು. ಬರೆದವಳೇ ಓದಿದರೆ ಎಲ್ಲ ಸಾಲೂ ಕೂರುತ್ತವೆ, ಏಕೆಂದರೆ ಬರೆದವಳಿಗೆ ಮುಗಿಸುವ ಅವಸರ. ಬೇರೆ ಯಾರಾದರೂ ಓದಬೇಕು. ನನಗೆ ಓದಿಕೊಡುತ್ತಿದ್ದವಳು ಅವ್ವ.

ಅವ್ವ ಉತ್ತರ ಕರ್ನಾಟಕದ ಒಂದು ಹಳ್ಳಿಯಿಂದ ಮದುವೆಯಾಗಿ ಹೈದರಾಬಾದಿನ ಕೋಠಿಗೆ ಬಂದವಳು. ಅಪ್ಪ ಅಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತ. ಅಂಗಡಿಯ ಹಿಂದಿನ ವಠಾರದಲ್ಲಿ ನಮ್ಮ ಕಡೆಯವರ ಆರೇಳು ಮನೆಗಳಿದ್ದವು. ಬೀದಿಗೆ ಕಾಲಿಟ್ಟರೆ ತೆಲುಗು, ಹಿಂದಿ. ಒಳಗೆ ಬಂದರೆ ಜೋಳದ ರೊಟ್ಟಿ ಮತ್ತು ಕನ್ನಡ. ಆ ಮನೆಗಳ ಹೆಂಗಸರಲ್ಲಿ ಸರಾಗವಾಗಿ ಓದಲು ಬರುತ್ತಿದ್ದದ್ದು ಅವ್ವನಿಗೆ ಮಾತ್ರ. ಮಧ್ಯಾಹ್ನ ಶೇಂಗಾ ಸುಲಿಯುತ್ತ ಕೂತವರಿಗೆ ಓದಿ ಹೇಳುತ್ತಿದ್ದಳು. ಶ್ರಾವಣದಲ್ಲಿ ಪುರಾಣ, ಉಳಿದ ದಿನಗಳಲ್ಲಿ ವಾರಪತ್ರಿಕೆಯ ಧಾರಾವಾಹಿ. ಪುರಾಣಕ್ಕಿರುವ ನಿಯಮವನ್ನೇ ಧಾರಾವಾಹಿಗೂ ಹಚ್ಚಿದ್ದಳು. ಶುರು ಮಾಡಿದ ಅಧ್ಯಾಯವನ್ನು ಅರ್ಧಕ್ಕೆ ಬಿಟ್ಟು ಏಳಬಾರದು. ಏಳಲೇಬೇಕಾಗಿ ಬಂದರೆ ಮನೆಯವರು ಯಾರಾದರೂ ಅದೇ ಜಾಗದಲ್ಲಿ ಕೂತು ಉಳಿದದ್ದನ್ನು ಓದಿ ಮುಗಿಸಬೇಕು. ಒಮ್ಮೆ ಒಲೆಯ ಮೇಲಿನ ಬೇಳೆ ಹೊತ್ತಿ ವಠಾರವೆಲ್ಲ ವಾಸನೆ ತುಂಬಿದರೂ ಅವಳು ಪುಟದಿಂದ ತಲೆ ಎತ್ತಲಿಲ್ಲ. ಕಣ್ಸನ್ನೆಯಲ್ಲೇ ನನ್ನನ್ನು ಅಡುಗೆಮನೆಗೆ ಓಡಿಸಿದಳು. ಆ ದಿನ ಅಪ್ಪ ಹೊತ್ತಿದ ಬೇಳೆಯನ್ನೇ ಉಂಡರು.

ಇನ್ನೊಂದು ಅಭ್ಯಾಸವಿತ್ತು. ಗಟ್ಟಿಯಾಗಿ ಓದುವ ಮೊದಲು ಇಡೀ ಪುಟದ ಮೇಲೆ ಒಮ್ಮೆ ಸುಮ್ಮನೆ ಕಣ್ಣಾಡಿಸುತ್ತಿದ್ದಳು. ಯಾಕೆ ಎಂದು ನಾನು ಕೇಳಿದ್ದಕ್ಕೆ, "ಮುಂದ ಏನೈತಿ ಅಂತ ಗೊತ್ತಿರಬೇಕವ್ವಾ. ಇಲ್ಲಂದ್ರ ಅಳೋ ಕಡೆ ನಕ್ಕಂಗ ಓದತೀವಿ" ಎಂದಿದ್ದಳು. ನಮ್ಮ ಕಡೆ ಮಗಳನ್ನೂ ಅವ್ವಾ ಎಂದೇ ಕರೆಯುತ್ತಾರೆ.

ಅಪ್ಪ ತೀರಿಕೊಂಡ ಮೇಲೆ ಕೋಠಿಯ ಮನೆ ಬಿಟ್ಟು ನಾವಿಬ್ಬರೂ ಕೊಂಡಾಪುರದ ಎರಡು ಕೋಣೆಯ ಫ್ಲಾಟಿಗೆ ಬಂದೆವು. ನಾನು ಮದುವೆಯಾಗಲಿಲ್ಲ, ಅದಕ್ಕೆ ಕಾರಣ ಕೇಳುತ್ತಿದ್ದವರೆಲ್ಲ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಸುತ್ತ ಐಟಿ ಆಫೀಸಿನ ಮಕ್ಕಳು, ಬೆಳಿಗ್ಗೆ ಲಿಫ್ಟಿನಲ್ಲಿ ಕಿವಿಗೆ ಏನೋ ಸಿಕ್ಕಿಸಿಕೊಂಡು ನಿಂತಿರುತ್ತಾರೆ. ಓದಿ ಹೇಳಲು ಅವ್ವನಿಗೆ ಅಲ್ಲಿ ಯಾರೂ ಇರಲಿಲ್ಲ. ಹಾಗಾಗಿ ನನ್ನ ಹಾಳೆಗಳು ಅವಳ ಪಾಲಿಗೆ ಬಂದವು. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೊಡುತ್ತಿದ್ದೆ. ಮಂಚದ ಅಂಚಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು, ಚಷ್ಮಾ ಒರೆಸಿ, ಒಮ್ಮೆ ಕಣ್ಣಾಡಿಸಿ ಶುರು ಮಾಡುತ್ತಿದ್ದಳು. ನಾನು ಫೋನಿನ ರೆಕಾರ್ಡರ್ ಆನ್ ಮಾಡಿ ಅವಳ ಮುಂದೆ ಇಡುತ್ತಿದ್ದೆ. ಅವಳ ಧ್ವನಿಗಾಗಿ ಅಲ್ಲ, ಅದರಲ್ಲಿ ಓಡುವ ಸೆಕೆಂಡುಗಳಿಗಾಗಿ. ಕೆಲಸ ಮುಗಿದ ಕೂಡಲೇ ಅಳಿಸಿಬಿಡುತ್ತಿದ್ದೆ. ಫೋನಿನಲ್ಲಿ ಜಾಗ ಬೇಕಲ್ಲ. ಎಷ್ಟು ಅಳಿಸಿದ್ದೇನೆ ಎಂದು ಈಗ ಯೋಚಿಸಿದರೆ ಕೈಗೆ ಬರೆ ಹಾಕಿಕೊಳ್ಳಬೇಕು ಎನ್ನಿಸುತ್ತದೆ.

ಮೊದಲು ಸಣ್ಣದಾದದ್ದು ಅವಳ ಕೈಬರಹ. ಕಿರಾಣಿ ಚೀಟಿಯಲ್ಲಿ ಸಾಲಿನ ಆರಂಭದಲ್ಲಿ ದೊಡ್ಡದಾಗಿದ್ದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಾಸಿವೆ ಕಾಳಿನಷ್ಟಾಗುತ್ತಿತ್ತು. ಆಮೇಲೆ ಕುಪ್ಪಸದ ಗುಂಡಿ ಹಾಕಲು ಹತ್ತು ನಿಮಿಷ ಹಿಡಿಯತೊಡಗಿತು. ಆಮೇಲೆ ಧ್ವನಿ ಇಳಿಯಿತು. ಡಾಕ್ಟರು ಪಾರ್ಕಿನ್ಸನ್ ಎಂದರು. ಕೈ ನಡುಗುವುದೇ ಇಲ್ಲವಲ್ಲ ಎಂದು ನಾನು ವಾದ ಹೂಡಿದೆ. ಎಲ್ಲರಿಗೂ ನಡುಗಬೇಕೆಂದಿಲ್ಲ, ಕೆಲವರಿಗೆ ಎಲ್ಲವೂ ನಿಧಾನವಾಗುತ್ತದೆ ಅಷ್ಟೆ ಎಂದು ಅವರು ಸಮಾಧಾನವಾಗಿ ಹೇಳಿದರು. ಅವ್ವ ಮಾತ್ರ ಹೊರಗೆ ಬಂದ ಮೇಲೆ, "ಜೀವಕ್ಕ ಏನೂ ಇಲ್ಲಲ್ಲ, ತಡಾ ಆಕ್ಕೈತಿ ಅಷ್ಟ ಹೌದಿಲ್ಲೋ?" ಎಂದಳು. ಹೌದು ಎಂದೆ.

ಆ ವರ್ಷವೇ ನನಗೆ ಶಾರ್ಕ್‌ಗಳ ಚಿತ್ರ ಬಂತು. ಶಾರ್ಕ್ ಎಂದರೆ ಬಾಯಿ ತೆರೆದು ಮೇಲೆ ಹಾರುವಂಥದ್ದು ಎಂದುಕೊಂಡಿದ್ದೆ. ಇವು ಬೇರೆಯೇ ಮನೆತನ. ಆಳದ, ಬೆಳಕು ಮುಟ್ಟದ ತಣ್ಣನೆಯ ನೀರಿನಲ್ಲಿರುವ ಇವುಗಳಿಗೆ ಇಂಗ್ಲಿಷಿನಲ್ಲಿ ಸ್ಲೀಪರ್ ಶಾರ್ಕ್ ಎನ್ನುತ್ತಾರೆ. ನೋಡಿದರೆ ನಿದ್ದೆಯಲ್ಲಿ ತೇಲುತ್ತಿವೆ ಅನ್ನಿಸುತ್ತದೆ. ಅವುಗಳಲ್ಲಿ ಒಂದು ಜಾತಿ ಉತ್ತರದ ಹಿಮಸಮುದ್ರದಲ್ಲಿದೆ. ಮನುಷ್ಯ ಅಡ್ಡಾಡುವುದಕ್ಕಿಂತ ನಿಧಾನವಾಗಿ ಈಜುತ್ತದೆ, ಮುನ್ನೂರು ವರ್ಷಕ್ಕೂ ಹೆಚ್ಚು ಬದುಕಬಲ್ಲದು ಎಂದು ವಿಜ್ಞಾನಿಗಳ ಅಂದಾಜು. ಈ ಜಾತಿಯ ಎಷ್ಟೋ ಮೀನುಗಳ ಕಣ್ಣಿಗೆ ಹುಳದಂಥ ಜೀವಿಯೊಂದು ಜೋತುಬಿದ್ದು ದೃಷ್ಟಿಯನ್ನೇ ಮಂಕು ಮಾಡಿರುತ್ತದೆ. ಆದರೂ ಮೀನು ವಾಸನೆ ಹಿಡಿದು ತನ್ನ ಪಾಡಿಗೆ ತಾನು ಹೋಗುತ್ತಲೇ ಇರುತ್ತದೆ.

ಲ್ಯಾಪ್‌ಟಾಪಿನಲ್ಲಿ ಅವ್ವನೂ ನೋಡಿದಳು. ಚಿತ್ರದ ಕೊನೆಗೆ ಒಂದು ಉದ್ದನೆಯ ದೃಶ್ಯವಿತ್ತು. ನೀರಿನ ತಳದಲ್ಲಿ ಕ್ಯಾಮೆರಾ ಇಟ್ಟು ಬಿಟ್ಟಿದ್ದಾರೆ. ಎಡಗಡೆಯಿಂದ ಮೀನಿನ ಮೂತಿ ಬರುತ್ತದೆ. ಆಮೇಲೆ ಬರುತ್ತಲೇ ಇರುತ್ತದೆ.

"ಇದು ನಿಂತೈತೋ, ಹೊಂಟೈತೋ?" ಅವ್ವ ಕೇಳಿದಳು.

"ಹೊಂಟೈತವ್ವಾ."

"ನನ್ನಂಗ" ಎಂದು ನಕ್ಕಳು. ಮುನ್ನೂರು ವರ್ಷದ ವಿಷಯ ಹೇಳಿದಾಗ ಮಾತ್ರ ನಗಲಿಲ್ಲ. "ಪಾಪ, ಅಷ್ಟು ವರ್ಷ ಯಾರ ಜೋಡಿ ಮಾತಾಡತೈತಿ?" ಎಂದಳು.

ನಾನು ಮೊದಲ ಕರಡಿನಲ್ಲಿ ಅದನ್ನು ಸೋಮಾರಿ ಶಾರ್ಕ್ ಎಂದು ಬರೆದಿದ್ದೆ. ಚಿಕ್ಕ ಮಾತು, ಕೇಳಿದವರಿಗೆ ತಕ್ಷಣ ತಿಳಿಯುತ್ತದೆ, ಸ್ವಲ್ಪ ನಗೆಯೂ ಬರುತ್ತದೆ. ಅವ್ವ ಆ ಸಾಲಿನ ಮೇಲೆ ಬೆರಳಿಟ್ಟು ಓದುವುದನ್ನು ನಿಲ್ಲಿಸಿದಳು.

"ಸೋಮಾರಿ ಅನಬ್ಯಾಡವ್ವಾ. ಅದಕ ಮೈಗಳ್ಳತನ ಇಲ್ಲ. ಅದರ ಮೈ ಹಂಗೈತಿ."

"ಮೀನಿಗೇನ್ ತಿಳೀತೈತಿ ಬಿಡವ್ವಾ" ಎಂದೆ. ಅವಳು ಬೆರಳು ತೆಗೆದು ಮುಂದೆ ಓದಿದಳು.

ಆ ತಿಂಗಳು ಔಷಧಿ ತರಲು ಇಬ್ಬರೂ ಕೋಠಿಗೆ ಹೊರಟೆವು. ಅದೇ ಮಾತ್ರೆ ಕೊಂಡಾಪುರದ ನಮ್ಮ ಗಲ್ಲಿಯಲ್ಲೇ ಸಿಗುತ್ತದೆ, ಆದರೆ ಕೋಠಿಯ ಔಷಧಿಗೆ ಗುಣ ಹೆಚ್ಚು ಎಂಬುದು ಅವ್ವನ ನಂಬಿಕೆ. ನಿಜವಾಗಿ ಅವಳಿಗೆ ಬೇಕಾಗಿದ್ದದ್ದು ಹಳೆಯ ಬೀದಿ. ಅಮೀರ್‌ಪೇಟ್‌ನಲ್ಲಿ ಮೆಟ್ರೋ ಬದಲಿಸಬೇಕು. ಗಾಡಿ ಬಂತು, ಬಾಗಿಲು ತೆರೆಯಿತು, ಅವ್ವ ಹೊಸ್ತಿಲಿನ ಮುಂದೆ ನಿಂತೇಬಿಟ್ಟಳು. ಆ ಕಾಯಿಲೆಯವರಿಗೆ ಬಾಗಿಲುಗಳ ಹತ್ತಿರ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಣ್ಣಾರೆ ನೋಡಿದ್ದು ಅಂದೇ. ಹಿಂದಿನಿಂದ ಬ್ಯಾಗು ಹೊತ್ತ ಕೋಚಿಂಗ್ ಮಕ್ಕಳ ದಂಡು. "ಲಗೂ ಬಾರವ್ವಾ!" ಎಂದು ಒಳಗಿನಿಂದ ಕೈ ಹಿಡಿದು ಎಳೆದೆ. ಎಳೆದಷ್ಟೂ ಅವಳು ಗಟ್ಟಿಯಾದಳು. "ಆಂಟೀ, ಜಲ್ದಿ" ಎಂದು ಯಾರೋ ಗದರಿದರು. ನಾನು ಇಳಿದೆ, ಬಾಗಿಲು ಮುಚ್ಚಿತು, ಗಾಡಿ ಹೋಯಿತು. ಆ ಮಕ್ಕಳ ಮೇಲೆ ಬರಬೇಕಾದ ಸಿಟ್ಟು ಅವ್ವನ ಮೇಲೆ ಬಂತು. ಮನೆಯಲ್ಲಿರು ಎಂದರೆ ಕೇಳುವುದಿಲ್ಲ, ನನ್ನ ಕೆಲಸವೆಲ್ಲ ಹಾಳು ಎಂದು ಪ್ಲಾಟ್‌ಫಾರ್ಮಿನಲ್ಲೇ ಕೂಗಾಡಿದೆ. ಅವ್ವ ಸೆರಗಿನ ತುದಿ ಹಿಡಿದುಕೊಂಡು ನಿಂತಿದ್ದಳು. "ಹ್ವಾದ ತಿಂಗಳ ಬಂದಿದ್ನಲ್ಲವ್ವಾ" ಎಂದಳು, ಅಷ್ಟೆ. ಮುಂದಿನ ತಿಂಗಳಿಂದ ಔಷಧಿಯನ್ನು ನಮ್ಮ ಗಲ್ಲಿಯಲ್ಲೇ ತಾ ಎಂದು ಅವಳೇ ಹೇಳಿದಳು. ಕೋಠಿಯನ್ನು ಅವಳು ಮತ್ತೆ ನೋಡಲಿಲ್ಲ.

ಚಿತ್ರದ ಕೊನೆಯ ಹಾಳೆ ಉಳಿದಿತ್ತು. ಭಾನುವಾರ ಬೆಳಿಗ್ಗೆ, ಹತ್ತಕ್ಕೆ ಸ್ಟುಡಿಯೋದಲ್ಲಿ ಇರಬೇಕು. ಅವ್ವ ಮಂಚದ ಅಂಚಿಗೆ ಬಂದು ಕೂರುವಷ್ಟರಲ್ಲಿ ಒಂಬತ್ತಾಗಿತ್ತು. ಆ ಉದ್ದನೆಯ ದೃಶ್ಯಕ್ಕೆ ನಾನು ಬರೆದದ್ದು ಏಳು ಸಾಲು. ಇಂಗ್ಲಿಷಿನವನು ಐವತ್ತು ಸೆಕೆಂಡಿನಲ್ಲಿ ಮುಗಿಸಿದ್ದ. ಅವ್ವ ಚಷ್ಮಾ ಒರೆಸಿಕೊಂಡಳು, ಹಾಳೆಯ ಮೇಲೆ ಕಣ್ಣಾಡಿಸಿದಳು. ಅದಕ್ಕೇ ಎಷ್ಟು ಹೊತ್ತು ಹಿಡಿಯಿತು! ನಾನು ರೆಕಾರ್ಡರ್ ಆನ್ ಮಾಡಿ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ ನಿಂತೆ. ಅವಳು ಶುರು ಮಾಡಿದಳು. ಪ್ರತಿ ಮಾತೂ ಬಾವಿಯಿಂದ ಸೇದಿದಂತೆ ಬರುತ್ತಿತ್ತು. ಮೂರನೆಯ ಸಾಲಿಗೇ ಐವತ್ತು ಸೆಕೆಂಡು ದಾಟಿತು. ನಡುವೆ ಸ್ಟುಡಿಯೋದ ರೆಕಾರ್ಡಿಂಗ್ ಮಾಡುವವನ ಫೋನು ಎರಡು ಸಲ ಬಂತು, ಕಟ್ ಮಾಡಿದೆ. ಐದನೆಯ ಸಾಲು ಮುಗಿದಾಗ ನನಗೆ ತಡೆಯಲಾಗಲಿಲ್ಲ.

"ಸಾಕ ಬಿಡವ್ವಾ. ನಾನ ಓದ್ಕೋತೀನಿ."

"ಇನ್ನ ಎರಡ ಸಾಲ ಉಳದಾವ" ಎಂದಳು ಅವ್ವ.

"ಇರಲಿ ಬಿಡು" ಎಂದು ಅವಳ ಕೈಯಿಂದ ಹಾಳೆ ತೆಗೆದುಕೊಂಡೆ. ಹಾಳೆಯನ್ನು ಹಿಡಿದಿದ್ದ ಬೆರಳುಗಳು ಬಿಡಲಿಕ್ಕೂ ನಿಧಾನ. ನಾನು ಸ್ವಲ್ಪ ಎಳೆಯಬೇಕಾಯಿತು. "ಆತು, ನಿನಗ ತಡಾ ಆಗಾಕತ್ತೈತಿ" ಎಂದಳು. ರೆಕಾರ್ಡರ್ ಆಫ್ ಮಾಡಿ ಚಪ್ಪಲಿ ಮೆಟ್ಟಿದೆ. ಆಟೋದಲ್ಲಿ ನಾನೇ ಓದಿಕೊಂಡೆ, ಏಳೂ ಸಾಲು ನಲವತ್ತೆಂಟು ಸೆಕೆಂಡಿನಲ್ಲಿ ಕೂತವು.

ಆಮೇಲೆ ಅವಳು ನನ್ನ ಹಾಳೆ ಓದಲಿಲ್ಲ. ನಾನೂ ಕೊಡಲಿಲ್ಲ. ಎರಡು ಸಲ ಕೊಡಲು ಹೋದಾಗ "ಚಷ್ಮಾ ಎಲ್ಲಿಟ್ಟೀನೋ" ಎಂದಳು. ಚಷ್ಮಾ ಹಣೆಯ ಮೇಲೆಯೇ ಇತ್ತು. ನಾನು ಅದನ್ನು ಹೇಳಲಿಲ್ಲ, ಏಕೆಂದರೆ ನನಗೂ ಅದೇ ಅನುಕೂಲವಾಗಿತ್ತು.

ಚಿತ್ರ ಟಿವಿಯಲ್ಲಿ ಬಂದಾಗ ಇಬ್ಬರೂ ಕೂತು ನೋಡಿದೆವು. ಸೋಮಾರಿ ಶಾರ್ಕ್ ಎಂದು ಧ್ವನಿ ಕೊಟ್ಟವನು ಗತ್ತಿನಿಂದ ಹೇಳಿದ. ಅವ್ವ ನನ್ನ ಕಡೆ ತಿರುಗಿದಳು. ಆಗೆಲ್ಲ ಅವಳ ಮುಖದಲ್ಲಿ ಸಿಟ್ಟು ನಗು ಯಾವುದೂ ಕಾಣುತ್ತಿರಲಿಲ್ಲ, ಕಾಯಿಲೆ ಮುಖವನ್ನೂ ನಿಧಾನ ಮಾಡಿತ್ತು.

"ಬ್ಯಾರೆ ಮಾತ ಅಲ್ಲಿ ಕುಂದರಲಿಲ್ಲೇನ?" ಎಂದು ಕೇಳಿದಳು.

"ಕುಂದರಲಿಲ್ಲವ್ವಾ" ಎಂದೆ.

ಅದು ಸುಳ್ಳು. ಅಲ್ಲಿ ಬೇಕಾದಷ್ಟು ಜಾಗವಿತ್ತು. ನಾನು ಬದಲಿಸಲು ಪ್ರಯತ್ನವನ್ನೇ ಮಾಡಿರಲಿಲ್ಲ. ಅವ್ವ "ಹಂಗಾರ ನೀ ಏನ ಮಾಡತಿ ಬಿಡು" ಎಂದು ನನ್ನ ಮೊಣಕಾಲನ್ನು ತಟ್ಟಿದಳು. ಆ ತಟ್ಟುವಿಕೆ ಇನ್ನೂ ನನ್ನ ಮೊಣಕಾಲಿನ ಮೇಲಿದೆ.

ಅವ್ವ ಆ ಚಳಿಗಾಲವನ್ನು ದಾಟಲಿಲ್ಲ. ನುಂಗುವುದೂ ನಿಧಾನವಾಯಿತು, ಗಂಜಿ ಶ್ವಾಸಕೋಶಕ್ಕೆ ಇಳಿಯಿತು, ಜ್ವರ ಬಂತು. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಎಲ್ಲದಕ್ಕೂ ತಡ ಮಾಡುತ್ತಿದ್ದವಳು ಇದೊಂದರಲ್ಲಿ ಮಾತ್ರ ಯಾಕೆ ಅವಸರ ಮಾಡಿದಳೋ ತಿಳಿಯಲಿಲ್ಲ. ನಾನು ಚಹಾ ಕುಡಿದು ಮೇಲೆ ಬರುವಷ್ಟರಲ್ಲಿ ಮುಗಿದಿತ್ತು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಮನೆಯಲ್ಲಿ ಎದ್ದು ಕಾಣುತ್ತಿದ್ದದ್ದು ಸದ್ದಿಲ್ಲದಿರುವುದು. ಅವ್ವನ ಧ್ವನಿ ಬೇಕಾಯಿತು. ಹಸಿವಾದಂತೆ ಬೇಕಾಯಿತು. ಫೋನಿನಲ್ಲಿ ಹುಡುಕಿದೆ. ಫೋಟೋಗಳಿದ್ದವು, ಮಾತಿಲ್ಲದ ಫೋಟೋಗಳು. ನೂರಾರು ಸಲ ಅವಳ ಧ್ವನಿಯನ್ನು ಹಿಡಿದು ನೂರಾರು ಸಲ ಅಳಿಸಿದ್ದವಳು ನಾನೇ. ರೆಕಾರ್ಡರ್ ತೆರೆದೆ. ಒಂದೇ ಒಂದು ಉಳಿದಿತ್ತು, ಆ ಭಾನುವಾರದ್ದು. ಅವಸರದಲ್ಲಿ ಅಳಿಸಲು ಮರೆತಿದ್ದೆ.

ಶಾರ್ಕ್ ಚಿತ್ರದ ಪ್ರತಿ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಇತ್ತು. ಒಂದು ಮಧ್ಯಾಹ್ನ ಅದರ ಸದ್ದು ಪೂರ್ತಿ ತೆಗೆದು, ಆ ಕೊನೆಯ ದೃಶ್ಯ ಹಚ್ಚಿ, ಜೊತೆಗೆ ಅವ್ವನ ಓದನ್ನು ಹಚ್ಚಿದೆ. ಮೀನಿನ ಮೂತಿ ಬಂದಾಗ ಅವ್ವನ ಮೊದಲ ಮಾತು ಬಂತು. ಅದರ ಮಂಕು ಕಣ್ಣು ಕಾಣುವಾಗ ಅವ್ವ ಕಣ್ಣಿನ ಸಾಲಿನಲ್ಲಿದ್ದಳು. ಅದು ಹೋಗುತ್ತಿತ್ತು, ಅವಳೂ ಹೋಗುತ್ತಿದ್ದಳು. ಇಂಗ್ಲಿಷಿನವನು ಐವತ್ತು ಸೆಕೆಂಡಿಗೆ ಮಾತು ನಿಲ್ಲಿಸಿದ್ದನೇ ಹೊರತು ದೃಶ್ಯ ಅಲ್ಲಿಗೆ ನಿಂತಿರಲಿಲ್ಲ; ಎರಡು ನಿಮಿಷದವರೆಗೆ ಬರೀ ಸಂಗೀತ ಹಾಕಿ ಬಿಟ್ಟಿದ್ದರು. ನಾನು ಅವನ ಸೆಕೆಂಡುಗಳನ್ನು ನೋಡುತ್ತಿದ್ದೆ, ಅವ್ವ ಮೀನನ್ನು ನೋಡಿದ್ದಳು. ಏಳೂ ಸಾಲನ್ನು ಅವಳಿಗೇ ಬಿಟ್ಟಿದ್ದರೆ, ಬಾಲ ಕತ್ತಲಿಗೆ ಸೇರುವ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದಳು. ಅವಳಿಗೆ ಜಾಗವಿತ್ತು.

ಆಮೇಲೆ ನನ್ನ ಧ್ವನಿ ಬಂತು. ಸಾಕ ಬಿಡವ್ವಾ. ಎಷ್ಟು ಕೆಟ್ಟದಾಗಿದೆ ನನ್ನ ಧ್ವನಿ! ಇನ್ನ ಎರಡ ಸಾಲ ಉಳದಾವ. ಹಾಳೆ ಎಳೆದ ಸದ್ದು. ಅವಳ ಕೊನೆಯ ಮಾತು. ಅಲ್ಲಿಗೆ ಮುಗಿಯಿತು. ಮೀನಿನ ಅರ್ಧ ಮೈ ಇನ್ನೂ ಪರದೆಯ ಮೇಲಿತ್ತು.

ಹಾಳೆಯನ್ನು ಫೈಲಿನಿಂದ ತೆಗೆದೆ. ಉಳಿದ ಎರಡು ಸಾಲು ಇವು: "ಅದೀಗ ಕತ್ತಲೊಳಗೆ ಹಿಂದಿರುಗುತ್ತಿದೆ. ನಾವು ಇದನ್ನು ಮತ್ತೆ ನೋಡುವುದಿಲ್ಲ." ಅವ್ವ ಓದುವ ಮೊದಲು ಕಣ್ಣಾಡಿಸಿದ್ದಳಲ್ಲ. ಮುಂದೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಹೊತ್ತಿದ ಬೇಳೆಗೂ ಏಳದಿದ್ದವಳನ್ನು ನಾನು ಆ ಎರಡು ಸಾಲಿನ ಮುಂದೆ ಎಬ್ಬಿಸಿದ್ದೆ.

ಮನೆಯವರು ಯಾರಾದರೂ ಅದೇ ಜಾಗದಲ್ಲಿ ಕೂತು ಓದಿ ಮುಗಿಸಬೇಕು. ಮನೆಯವರು ಅಂದರೆ ಈಗ ನಾನೊಬ್ಬಳೇ. ಮಂಚದ ಅಂಚಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತೆ. ದೃಶ್ಯವನ್ನು ಮತ್ತೆ ಮೊದಲಿನಿಂದ ಹಚ್ಚಿದೆ, ಅವ್ವನ ಐದು ಸಾಲು ಮುಗಿಯುವವರೆಗೆ ಕಾದೆ. ನನ್ನ ಮಾತು ಬರುವ ಮೊದಲೇ ಫೋನು ನಿಲ್ಲಿಸಿದೆ. ನಿಧಾನವಾಗಿ, ಅವಳು ಓದುತ್ತಿದ್ದ ಹಾಗೆಯೇ ಓದಬೇಕು ಎಂದುಕೊಂಡು ಓದಿದೆ. ಎಷ್ಟು ತಡೆದರೂ ಆರು ಸೆಕೆಂಡಿನಲ್ಲಿ ಮುಗಿದುಹೋಯಿತು. ಮೀನು ಇನ್ನೂ ಹೋಗುತ್ತಲೇ ಇತ್ತು.